ಕಟ್ಟೆಯ ಮುಂದೆ ಓದಿದ ಕಾಗದ

ಬಸವನಗುಡಿ, ಬೆಂಗಳೂರು
೧೯೨೩ನೆಯ ಇಸವಿ ಫೆಬ್ರವರಿ ೧೮, ಭಾನುವಾರ

ತೀರ್ಥರೂಪರಾದ ಅಪ್ಪನವರ ಪಾದಗಳಲ್ಲಿ ಮಗಳು ಅಂಜನಮ್ಮನ ನಮಸ್ಕಾರಗಳು.

ನಿಮ್ಮ ಮೊಣಕಾಲಿನ ನೋವು ಈಗ ಹೇಗಿದೆ? ಕುನೂರಿನಲ್ಲಿ ಈ ತಿಂಗಳಿಗೂ ಚಳಿ ಇಳಿದಿರುವುದಿಲ್ಲವೆಂದು ನಮ್ಮ ಭೂಗೋಳದ ಉಪಾಧ್ಯಾಯಿನಿಯವರು ಹೇಳಿದರು. ದೊರೆಗಳ ಬಂಗಲೆಯ ತೋಟದಲ್ಲಿ ನಿಮ್ಮ ಕೈಕೆಳಗೆ ಹನ್ನೆರಡು ಆಳುಗಳಿದ್ದರೂ ಸಸಿ ನೆಡುವುದಕ್ಕೆ ನೀವೇ ಕುಕ್ಕರುಗಾಲಿನಲ್ಲಿ ಕೂರುತ್ತೀರೆಂಬುದು ನನಗೆ ಗೊತ್ತು. ಅಮ್ಮ ಕಳುಹಿಸಿದ ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಿಕೊಳ್ಳಬೇಕಂತೆ. ತಣ್ಣಗಿದ್ದುದನ್ನೇ ಸವರಿಕೊಂಡು ಮಲಗಿದರೆ ಪ್ರಯೋಜನವಿಲ್ಲವೆಂದು ಬರೆಯಲು ಎರಡು ಸಲ ಹೇಳಿದಳು. ಅವಳಿಗೆ ಜ್ವರ ಪೂರ್ತಿಯಾಗಿ ಬಿಟ್ಟಿದೆ, ಊಟ ಸೇರುತ್ತಿದೆ. ಇದನ್ನು ನಿಮ್ಮ ಸಮಾಧಾನಕ್ಕಾಗಿ ಬರೆದ ಮಾತೆಂದು ತಿಳಿಯಬೇಡಿ. ದೀಪಾವಳಿಯಲ್ಲಿ ನಾನು ಬರೆದ ಕಾಗದವನ್ನು ನಿಮಗೆ ಓದಿ ಹೇಳಿದ ಬಂಗಲೆಯ ರೈಟರ್ ಬದರೀನಾರಾಯಣರಾಯರು, ಪರಸ್ಥಳದಲ್ಲಿರುವವರು ಗಾಬರಿಯಾದಾರೆಂದು ಅಮ್ಮನ ಜ್ವರದ ಮಾತನ್ನು ಬಿಟ್ಟು ಓದಿದ್ದು, ಅದು ತಿಂಗಳ ಮೇಲೆ ಬೇರೆಯವರ ಬಾಯಿಂದ ನಿಮಗೆ ತಿಳಿದು ನೀವು ನೊಂದುಕೊಂಡದ್ದು, ಎಲ್ಲವನ್ನೂ ನಿಮ್ಮ ಮಾತಿನಲ್ಲಿಯೇ ಅವರು ನನಗೆ ಬರೆದು ತಿಳಿಸಿದ್ದಾರೆ. 'ಕಣ್ಣಿಲ್ದೋನಿಗೆ ದಾರಿ ತೋರ್ಸೋರು ಹಳ್ಳಾನೂ ತೋರ್ಸ್ಬೇಕು ಸ್ವಾಮಿ' ಎಂದು ನೀವು ಅವರಿಗೆ ಹೇಳಿದಿರಂತೆ. ಆ ಮಾತು ಈ ತಿಂಗಳೆಲ್ಲಾ ನನ್ನ ಜೊತೆಯಲ್ಲಿಯೇ ಇದೆ. ರಾಯರಿಗೂ ನನ್ನ ನಮಸ್ಕಾರಗಳು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತರಗತಿಗೆ ಮೊದಲನೆಯವಳಾಗಿದ್ದೇನೆ. ಇಂಗ್ಲಿಷಿನಲ್ಲಿ ನನಗೂ ಎರಡನೆಯವಳಿಗೂ ಹತ್ತೊಂಬತ್ತು ಅಂಕಗಳ ಅಂತರವಿದೆ. ಆ ಎರಡನೆಯವಳು ವಕೀಲರ ಮನೆಯ ಹುಡುಗಿ. ಹೋದ ವರ್ಷವಾಗಿದ್ದರೆ ಈ ವಿಷಯಕ್ಕೆ ಎರಡು ಪುಟ ತುಂಬಿಸುತ್ತಿದ್ದೆ. ಈ ಸಲ ಇಷ್ಟೇ ಸಾಕು, ಏಕೆಂದರೆ ಮುಂದೆ ಬರೆಯಬೇಕಾದ ಸುದ್ದಿ ಒಳ್ಳೆಯದಲ್ಲ. ನೀವು ಕೂತುಕೊಂಡು ಕೇಳಬೇಕು.

ನಮ್ಮ ತೋಟ ಹೋಯಿತು. ನಮ್ಮದೊಂದೇ ಅಲ್ಲ, ನಮ್ಮ ಕುಲದ ಕಟ್ಟೆಗೆ ಸೇರಿದ ಇಪ್ಪತ್ತೆಂಟು ಮನೆಗಳ ತೋಟವೂ, ನಡುವಿನ ದೊಡ್ಡ ಬಾವಿಯೂ ಹೋದವು. ಹೊಸ ಬಡಾವಣೆಯ ಮನೆಗಳಿಗೆಂದು ನೆಲವನ್ನು ಅಳೆದು ಕೆಂಪು ಬಾವುಟ ನೆಟ್ಟಿದ್ದಾರೆ. ಒಂದು ಬಾವುಟ ನೀವು ಹಾಕಿದ ಕರಿಬೇವಿನ ಮರದ ಬುಡದಲ್ಲಿಯೇ ಇದೆ. ಯುಗಾದಿಯೊಳಗೆ ಬೆಳೆ ಕಿತ್ತುಕೊಂಡು, ಬಾವಿಗೆ ಮಣ್ಣು ತುಂಬಿಸಿ, ನೆಲವನ್ನು ಒಪ್ಪಿಸಬೇಕೆಂದು ಆಜ್ಞೆಯಾಗಿದೆ. ನೆಲದ ಬೆಲೆ ಕೊಡುತ್ತಾರೆ. ಆದರೆ ನೀರಿರುವ ನೆಲ ಹತ್ತಿರದಲ್ಲಿ ಎಲ್ಲಿಯೂ ಇಲ್ಲದ್ದರಿಂದ, ಕೆಲವರು ಮಾಗಡಿ ರಸ್ತೆಯ ಆಚೆಗೂ ಕೆಲವರು ಹೆಂಡತಿಯ ಊರಿಗೂ ಹೋಗುವ ಮಾತನಾಡುತ್ತಿದ್ದಾರೆ. ಕಟ್ಟೆ ಚದುರಿಹೋಗುತ್ತದೆ.

ಇದು ಹೇಗಾಯಿತೆಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಸಂಕ್ರಾಂತಿಯ ಎರಡು ದಿನ ಮೊದಲು ಕಚೇರಿಯ ಜವಾನನೊಬ್ಬನು ಯಜಮಾನರಾದ ಚಿಕ್ಕಮುನಿಯಪ್ಪ ತಾತನ ಕೈಗೆ ಒಂದು ನೋಟೀಸು ಕೊಟ್ಟುಹೋದ. ಅದು ಇಂಗ್ಲಿಷಿನಲ್ಲಿತ್ತು. ಹಬ್ಬ ಕಳೆದ ಮಾರನೆಯ ದಿನ, ಸೋಮವಾರ, ತಾತ ಕಟ್ಟೆ ಸೇರಿಸಿ ನನಗೆ ಹೇಳಿಕಳುಹಿಸಿದರು. ನಾಲ್ಕು ವರ್ಷಗಳ ಹಿಂದೆ, ತಿಗಳರ ಹುಡುಗಿಗೆ ಸ್ಕೂಲೇಕೆ ಎಂದು ಅದೇ ಕಟ್ಟೆ ಕೇಳಿದಾಗ ನೀವು ಎದ್ದು ನಿಂತು, 'ನನ್ ಮಗ್ಳು ಓದಿದ್ರೆ ಕಟ್ಟೆಗೇ ಒಂದ್ ಜೊತೆ ಕಣ್ಣು ಬಂದಂಗೆ' ಎಂದಿದ್ದಿರಂತೆ. ಅಮ್ಮ ಆ ದಿನ ಅದನ್ನು ನೆನಪಿಸಿಯೇ ನನ್ನನ್ನು ಕಳುಹಿಸಿದಳು. ನಾನು ಶುಭ್ರವಾದ ಸೀರೆಯುಟ್ಟು, ತಲೆ ಬಾಚಿ, ಬಹುಮಾನ ಪಡೆಯಲು ಹೋಗುವವಳ ಹಾಗೆ ಹೋದೆ.

ಹೆಂಗಸರು ಕಟ್ಟೆ ಹತ್ತುವ ಪದ್ಧತಿಯಿಲ್ಲವಷ್ಟೆ. ಗಂಡಸರೆಲ್ಲಾ ಅರಳಿಮರದ ನೆರಳಿನಲ್ಲಿ ಮೇಲೆ ಕೂತರು. ನಾನು ಕೆಳಗೆ, ಎತ್ತುಗಳು ನೀರು ಕುಡಿಯುವ ಕಲ್ಲುಬಾನಿಯ ಪಕ್ಕದಲ್ಲಿ ಬಿಸಿಲಿಗೆ ನಿಂತೆ. ಒಂದೊಂದು ವಾಕ್ಯವನ್ನೂ ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದೆ. ಹಾಗೆ ಎರಡೆರಡು ಸಲ ಓದುವ ಅಗತ್ಯವಿರಲಿಲ್ಲವೆಂದು ಈಗ ತೋರುತ್ತದೆ. ಇನ್ನೂ ಸ್ವಲ್ಪ ಉಳಿದಿರುವಾಗ, ನಗರ್ತಪೇಟೆಯ ಮಂಡಿಗೆ ತರಕಾರಿ ಹಾಕುವ ಮುನಿರಾಮಪ್ಪಣ್ಣನವರು ಕೈಯೆತ್ತಿದರು. 'ಸಾಕ್ ಬಿಡವ್ವ, ತೋಟ ತಕ್ಕೊಂತಾರೆ ಅನ್ನೋದು ತಿಳೀತಲ್ಲ. ಇನ್ನೂ ಇಂಗ್ಲಿಷ್ ಕೇಳ್ತಾ ಕೂತ್ರೆ ಗಾಡೀಲಿರೋ ಸೊಪ್ಪು ಬಾಡೋಯ್ತದೆ' ಎಂದರು. ಅಷ್ಟಕ್ಕೇ ಬಿಡದೆ, 'ರಾಮಾಂಜಿನಪ್ಪನ ಮಗ್ಳು ದೊರೆಸಾನಿ ಆಗ್ಬಿಟ್ಲು ಕಣ್ರಪ್ಪಾ, ಇವ್ಳಿಗ್ ಗಂಡು ನೋಡಾಕೆ ಹಡಗ್ ಹತ್ಬೇಕು' ಎಂದರು. ಕಟ್ಟೆಯೆಲ್ಲಾ ನಕ್ಕಿತು. ಚಿಕ್ಕಮುನಿಯಪ್ಪ ತಾತನೂ ನಕ್ಕರು. ಅವರ ನಗುವಿನಲ್ಲಿ ಕೇಡಿರಲಿಲ್ಲ, ಮೊಮ್ಮಗಳನ್ನು ರೇಗಿಸಿದಾಗ ನಗುವ ನಗು ಅದು. ನಾನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಅಂಚಿನಲ್ಲಿಟ್ಟು ಬಂದೆ. ಓದುವುದು ಅಲ್ಲಿಗೆ ನಿಂತಿತು.

ಬಾವಿಯನ್ನೂ ಅದರ ಸುತ್ತಣ ಎರಡು ಎಕರೆಯನ್ನಾದರೂ ಬಿಟ್ಟುಕೊಡಿರೆಂದು ಅರ್ಜಿ ಬರೆಯುವುದು, ಮುಂದಿನ ಕೂಟದಲ್ಲಿ ಇಪ್ಪತ್ತೆಂಟು ಮನೆಯವರೂ ಅದಕ್ಕೆ ಹೆಬ್ಬೆಟ್ಟು ಒತ್ತುವುದು ಎಂದು ಆ ದಿನ ತೀರ್ಮಾನವಾಯಿತಂತೆ. ಹೆಬ್ಬೆಟ್ಟನ್ನು ಕಟ್ಟೆಯ ಮೇಲೆ, ಯಜಮಾನರ ಬೆತ್ತದ ಎದುರಿಗಲ್ಲದೆ ಬೇರೆಲ್ಲಿಯೂ ಒತ್ತಬಾರದೆಂಬ ಕಟ್ಟಳೆ ನಿಮಗೆ ತಿಳಿದೇ ಇದೆ. ಆದರೆ ಬುಧವಾರ ಬೆಳಿಗ್ಗೆ ದೊಡ್ಡಬೈರಪ್ಪನವರ ತಾಯಿ ತೀರಿಕೊಂಡರು. ಅವರು ಚಿಕ್ಕಮುನಿಯಪ್ಪ ತಾತನಿಗೆ ಅತ್ತಿಗೆಯಾದ್ದರಿಂದ ಯಜಮಾನರಿಗೇ ಸೂತಕ ಬಂತು. ಯಜಮಾನರು ಸೂತಕದಲ್ಲಿರುವಾಗ ಬೆತ್ತ ಮುಟ್ಟುವಂತಿಲ್ಲ, ಬೆತ್ತವಿಲ್ಲದೆ ಕಟ್ಟೆ ಕೂರುವಂತಿಲ್ಲ. ಹನ್ನೊಂದು ದಿನಗಳು ಹಾಗೆಯೇ ಕಳೆದವು. ಸೂತಕ ಕಳೆದ ಮೇಲೆ, ಜನವರಿ ಇಪ್ಪತ್ತೊಂಬತ್ತನೆಯ ತಾರೀಖು ಕಟ್ಟೆ ಕೂತಿತು. ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಮಾರನೆಯ ದಿನ ತಾತನೂ ಮುನಿರಾಮಪ್ಪಣ್ಣನವರೂ ಕಚೇರಿಗೆ ತೆಗೆದುಕೊಂಡು ಹೋದರು. ಅಲ್ಲಿಯ ಗುಮಾಸ್ತರು ಓದಿ, 'ಅಕ್ಷರ ಮುತ್ತಿನ ಹಾಗಿದೆ, ಯಾರು ಬರೆದದ್ದು?' ಎಂದು ಕೇಳಿದರಂತೆ. ಆಮೇಲೆ ನೋಟೀಸನ್ನು ಬಿಡಿಸಿ, ಅದರ ಕೊನೆಯ ನಾಲ್ಕು ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿದರಂತೆ. ತಕರಾರಿರುವವರು ಹದಿನೈದು ದಿನಗಳೊಳಗೆ ಬರೆದು ಕೊಡತಕ್ಕದ್ದು, ತಡವಾಗಿ ಬಂದದ್ದನ್ನು ನೋಡಲಾಗುವುದಿಲ್ಲ, ಎಂದು ಅಲ್ಲಿತ್ತು. ಗಡುವು ಇಪ್ಪತ್ತೇಳಕ್ಕೇ ಮುಗಿದಿತ್ತು. ಮೂರು ದಿನ ತಡವಾಯಿತೆಂಬ ಸಂಗತಿ ಹೀಗೆ ಕಚೇರಿಯಲ್ಲಿ ತಿಳಿಯಿತು.

ಓಣಿಯ ಆಚೆಯ ಅರ್ಜುನಪ್ಪನವರ ಕಡೆಯವರಿಗೂ ಅಂಥದೇ ನೋಟೀಸು ಬಂದಿತ್ತು. ಅವರು ಗಡುವಿನೊಳಗೆ ಅರ್ಜಿ ಕೊಟ್ಟರು. ಅವರ ಬಾವಿಯೂ ಎರಡು ಎಕರೆಯೂ ಉಳಿದಿವೆ. ಸ್ಕೂಲಿಗೆ ಹೋಗುವಾಗ ಪ್ರತಿದಿನವೂ ಅವರ ಎತ್ತುಗಳು ನೀರೆತ್ತುವ ಕಪಿಲೆಯ ಸದ್ದು ಕೇಳುತ್ತದೆ. ನಮ್ಮ ಕಪಿಲೆಯನ್ನು ಬಿಚ್ಚಿ ಹಗ್ಗವನ್ನು ಸುತ್ತಿಟ್ಟಿದ್ದಾರೆ. ಈ ವರ್ಷದ ಕರಗಕ್ಕೆ ನಮ್ಮ ಮಡಿಗಳ ಮಲ್ಲಿಗೆ ಹೋಗುವುದಿಲ್ಲ. ಮೊಗ್ಗು ಬಿಡುವ ಮೊದಲೇ ಗಿಡಗಳನ್ನು ಕೀಳಬೇಕು. ಅಮ್ಮ ಪ್ರತಿದಿನವೂ ಹಿತ್ತಲಿಂದ ಕೊಡದಲ್ಲಿ ನೀರು ಹೊತ್ತು ಅವಕ್ಕೆ ಹಾಕಿ ಬರುತ್ತಾಳೆ. ಬೇಡವೆಂದರೆ ಕೇಳುವುದಿಲ್ಲ. 'ಇರೋಗಂಟ ಬಾಯಾರ್ಕೆ ಆಗಲ್ವಾ ಅವುಕ್ಕೆ' ಎನ್ನುತ್ತಾಳೆ.

ಚಿಕ್ಕಮುನಿಯಪ್ಪ ತಾತ ಹೋದ ಸೋಮವಾರ ಬೆತ್ತವನ್ನು ಕಟ್ಟೆಯ ಮೇಲೆ ಅಡ್ಡವಿಟ್ಟು ಕೆಳಗಿಳಿದುಬಿಟ್ಟರು. 'ನನ್ ಸೂತಕ ಇಪ್ಪತ್ತೆಂಟ್ ಮನೆ ನುಂಗ್ತು. ಇನ್ನು ಇದನ್ನ ನಾನು ಹಿಡಿಯಾಂಗಿಲ್ಲ' ಎಂದರಂತೆ. ನಲವತ್ತು ವರ್ಷ ಅವರ ಕೈಯಲ್ಲಿದ್ದ ಬೆತ್ತ ಅದು. ಈಗ ಅವರು ಮನೆಯಿಂದ ಹೊರಗೆ ಬರುವುದಿಲ್ಲ. ಗಂಜಿಯನ್ನೂ ಬೇಡವೆನ್ನುತ್ತಾರೆಂದು ಅವರ ಸೊಸೆ ಅಮ್ಮನ ಹತ್ತಿರ ಹೇಳಿಕೊಂಡು ಅತ್ತರು. ದೊಡ್ಡಬೈರಪ್ಪನವರು ತಮ್ಮ ತಾಯಿಯ ಸಾವು ಊರಿಗೆ ಮುಳುವಾಯಿತೆಂದು ಯಾರಿಗೂ ಮುಖ ತೋರಿಸುವುದಿಲ್ಲ. ಸತ್ತವರ ಮೇಲೂ ಅಪವಾದ ಬಿದ್ದಿದೆ.

ಮುನಿರಾಮಪ್ಪಣ್ಣನವರು ಶುಕ್ರವಾರ ನಮ್ಮ ಮನೆಯ ಬಾಗಿಲಿಗೆ ಬಂದರು. ಅಮ್ಮ ಚಾಪೆ ಹಾಕಿದರೂ ಕೂರಲಿಲ್ಲ. 'ತಪ್ಪಾಯ್ತು ಕಣವ್ವ. ಅವತ್ತು ನಿನ್ನ ಪೂರ್ತಿ ಓದಾಕ್ ಬಿಟ್ಟಿದ್ರೆ ಬಾವಿ ಉಳೀತಿತ್ತು' ಎಂದು ಹೇಳಿ, ಕಟ್ಟೆಯ ಪರವಾಗಿ ನನ್ನ ಕೈಗೆ ವೀಳ್ಯ ಕೊಟ್ಟರು. ಬರುವ ಗುರುವಾರ ಹೊಸ ಯಜಮಾನರನ್ನು ಆರಿಸುವ ಕೂಟವಿದೆ. ಆ ದಿನ ನನ್ನನ್ನು ಕಟ್ಟೆಯ ಮೇಲೆ ಕೂರಿಸುತ್ತಾರಂತೆ. ಇನ್ನು ಮುಂದೆ ಬರುವ ಕಾಗದಗಳನ್ನೆಲ್ಲಾ ನಾನೇ ಅಲ್ಲಿ ಕೂತು ಓದಬೇಕಂತೆ. ನಮ್ಮ ಕುಲದಲ್ಲಿ ಹೆಂಗಸಿಗೆ ಕಟ್ಟೆಯ ವೀಳ್ಯ ಬಂದದ್ದು ಇದೇ ಮೊದಲು. ಅಮ್ಮ ಅದನ್ನು ದೇವರ ಗೂಡಿನಲ್ಲಿಟ್ಟಿದ್ದಾಳೆ. ಎಲೆಗಳು ಅಂಚಿನಿಂದ ಒಣಗುತ್ತಾ ಬಂದಿವೆ. ಈ ಸುದ್ದಿ ಕೇಳಿದರೆ ನೀವು ಎಷ್ಟು ಹಿಗ್ಗುವಿರೆಂದು ಅವಳು ಹೇಳುತ್ತಲೇ ಇದ್ದಾಳೆ.

ನೀವು ರಜೆ ಕೇಳಿಕೊಂಡು ಯುಗಾದಿಗೆ ಮೊದಲೇ ಬಂದರೆ ಬಾವಿಯನ್ನು ತುಂಬುವುದಕ್ಕೆ ಮುಂಚೆ ಒಂದು ಸಲ ನೋಡಬಹುದು. ನಿಮ್ಮ ತಾತ ತೋಡಿಸಿದ ಬಾವಿಯದು. ಕಾಲಿಗೆ ಕಂಬಳಿ ಸುತ್ತಿಕೊಂಡು ರೈಲಿನಲ್ಲಿ ಬನ್ನಿ. ದಾರಿಯಲ್ಲಿ ತಣ್ಣೀರು ಕುಡಿಯಬೇಡಿ. ಬಂಗಲೆಯಲ್ಲಿ ನಿಮ್ಮನ್ನು ವಿಶ್ವಾಸದಿಂದ ಕಾಣುವ ಎಲ್ಲರಿಗೂ ನಮ್ಮ ಮನೆಯವರ ವಂದನೆಗಳನ್ನು ತಿಳಿಸಿ. ಅಮ್ಮ ನಿಮ್ಮ ಪಾದಗಳಿಗೆ ನಮಸ್ಕರಿಸಿದ್ದಾಳೆ. ನನಗೆ ಆಶೀರ್ವಾದ ಕಳುಹಿಸಿರೆಂದು ಕೇಳುವ ಧೈರ್ಯ ಈ ಸಲ ನನಗಿಲ್ಲ.

ನಿಮ್ಮ ಮಗಳು,
ಅಂಜನಮ್ಮ

ತಾ. ಕ. — ಅಮ್ಮ ಟಪಾಲಿಗೆ ಹಾಕುವುದಕ್ಕೆ ಕಾಗದ ಕೇಳುತ್ತಾ ಬಾಗಿಲಲ್ಲಿ ನಿಂತಿದ್ದಾಳೆ. ಅವಳಿಗೆ ಓದು ಬಾರದು, ಆದ್ದರಿಂದ ಅವಳ ಎದುರಿಗೇ ಬರೆಯುತ್ತಿದ್ದೇನೆ. ಗಡುವಿನ ಸಂಗತಿ ಕಚೇರಿಯಲ್ಲಿ ತಿಳಿಯಿತೆಂದು ಮೇಲೆ ಬರೆದಿದ್ದೇನೆ. ಅದು ಅವರಿಗೆ ತಿಳಿದದ್ದು. ನನಗೆ ಮೊದಲ ದಿನವೇ ತಿಳಿದಿತ್ತು. ಮುನಿರಾಮಪ್ಪಣ್ಣನವರು ಕೈಯೆತ್ತಿದಾಗ ನನ್ನ ಕಣ್ಣು ಆ ನಾಲ್ಕು ಸಾಲುಗಳನ್ನು ಓದಿ ಮುಗಿಸಿತ್ತು. ನಕ್ಕವರು ನನ್ನ ಬಾಗಿಲಿಗೆ ಬಂದು ಕೇಳಲಿ, ಆಗ ಹೇಳೋಣವೆಂದು ಮಡಿಸಿ ಇಟ್ಟುಬಂದೆ. ಸೂತಕದ ಆರನೆಯ ದಿನ ಚಿಕ್ಕಮುನಿಯಪ್ಪ ತಾತ ನಾನು ಸ್ಕೂಲಿಗೆ ಹೋಗುವ ದಾರಿಯಲ್ಲಿ, ಮೈಲಿಗೆಯೆಂದು ದೂರದಲ್ಲಿ ನಿಂತು, 'ಆ ಕಾಗ್ದದಾಗೆ ಅವಸರದ್ದು ಇನ್ನೇನೂ ಇಲ್ಲ ತಾನೇನವ್ವ?' ಎಂದು ಕೇಳಿದರು. ಒಬ್ಬರು ಬಂದು ಕೇಳಿದಂತಾಯಿತಲ್ಲವೆ? ನಾನು, 'ಇಲ್ಲ ತಾತ' ಎಂದೆ. ಅವರೂ ನಕ್ಕಿದ್ದರಲ್ಲಾ ಎಂಬುದೊಂದೇ ಆಗ ನನ್ನ ಮನಸ್ಸಿನಲ್ಲಿದ್ದುದು. ಇನ್ನೂ ಕೆಲವು ದಿನಗಳಿವೆ, ನಾಳೆ ಹೇಳಿದರಾಯಿತೆಂದು ಇಪ್ಪತ್ತೇಳರವರೆಗೂ ಎಣಿಸಿದೆ. ಇಪ್ಪತ್ತೊಂಬತ್ತಕ್ಕೆ, ಪ್ರಯೋಜನವಿಲ್ಲವೆಂದು ಗೊತ್ತಿದ್ದೂ, ಆ ಅರ್ಜಿಯನ್ನು ನನ್ನ ಅತ್ಯಂತ ಚೆಂದದ ಅಕ್ಷರದಲ್ಲಿ ಬರೆದೆ.

ಗುರುವಾರ ನಾನು ಕಟ್ಟೆ ಹತ್ತುವುದಿಲ್ಲ. ಕಲ್ಲುಬಾನಿಯ ಪಕ್ಕದಲ್ಲಿ ನಿಂತು ಆ ನಾಲ್ಕು ಸಾಲುಗಳನ್ನೂ, ಇಲ್ಲಿ ಬರೆದದ್ದನ್ನೂ ಓದುತ್ತೇನೆ. ಅದರಿಂದ ಬಾವಿ ಬರುವುದಿಲ್ಲ. ತಾತ ಗಂಜಿ ಕುಡಿದಾರೇ ಏನೋ, ತಿಳಿಯದು.

ಬದರೀನಾರಾಯಣರಾಯರೇ, ಈ ತಾ. ಕ.ವನ್ನು ಬಿಟ್ಟು ಓದಬೇಕೆಂದು ನಿಮಗೆ ತೋರಬಹುದು. ಅಪ್ಪನವರ ಮುಖ ನೋಡಿದರೆ ತೋರಿಯೇ ತೋರುತ್ತದೆ. ಕಾಗದ ಮುಗಿದಾಗ 'ಇನ್ನೇನೂ ಇಲ್ಲ ತಾನೇ ಸ್ವಾಮಿ?' ಎಂದು ಕೇಳುವುದು ಅವರ ಅಭ್ಯಾಸ. ದಯವಿಟ್ಟು, ಇದೆ ಎನ್ನಿ.