ಹಂಚಲು ಕೊಡದ ಮಣ್ಣು

ನಾನೂರ ಹನ್ನೊಂದನೆಯ ಬಿಸಿಲುವರ್ಷ, ಚೈತ್ರದ ಮೂವತ್ತೆರಡನೆಯ ದಿನ.

ಹಿಂದಿನ ಕಾಲದ ಹಿರಿಯರಿಗೆ ಬಂಡೆಕೆರೆಯ ಕೆಂಚವ್ವ ಮಾಡುವ ನಮಸ್ಕಾರ. ನಿಮ್ಮ ಪಂಚಾಂಗದಲ್ಲಿ ಇಂಥ ದಿನವಿಲ್ಲ, ಗೊತ್ತು. ನಮ್ಮ ಬೇಸಿಗೆ ನಿಮ್ಮ ತಿಂಗಳುಗಳಲ್ಲಿ ಹಿಡಿಸಲಿಲ್ಲ, ತಿಂಗಳುಗಳನ್ನೇ ಹಿಗ್ಗಿಸಿಕೊಂಡೆವು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವು ಹಗಲೆಲ್ಲ ನೆಲಮಾಳಿಗೆಯಲ್ಲಿ ಮಲಗಿ, ಬಿಸಿಲು ಇಳಿದ ಮೇಲೆ ಹೊರಗೆ ಬರುವ ಜನ. ಊರಿಗೆ ಇರುವುದು ಒಂದೇ ಕೆರೆ. ನಮ್ಮಲ್ಲಿ 'ಪಾಲುಮಣ್ಣು' ಎಂಬ ಪದ್ಧತಿಯಿದೆ. ಯಾರಿಂದಾದರೂ ಅನಾಹುತವಾದರೆ ಅವರು ಕೆರೆಯ ಹಸಿಮಣ್ಣಿನ ಮುದ್ದೆ ಹಿಡಿದು ಕಟ್ಟೆಯ ಮೇಲೆ ಕೂರಬೇಕು. ಮನೆಗೊಬ್ಬರು ಬಂದು ಚಿಟಿಕೆ ಮಣ್ಣು ಮುರಿದುಕೊಂಡು, "ಇದರಾಗ ನಂದೂ ಪಾಲೈತಿ" ಎಂದು ತಮ್ಮ ಹೊಸ್ತಿಲಿಗೆ ಮೆತ್ತುತ್ತಾರೆ. ಮುದ್ದೆ ಮುಗಿದರೆ ಪಶ್ಚಾತ್ತಾಪವೂ ಮುಗಿಯಿತು. ಆಮೇಲೆ ಆ ಸುದ್ದಿ ಯಾರೂ ಎತ್ತುವಂತಿಲ್ಲ. ಹೆಮ್ಮೆಗೂ ಇದೇ ಮಣ್ಣು. ನನ್ನ ಅಕ್ಕ ಬಾಳವ್ವ ಕೆರೆಯ ನೀರು ಬಿಡುವ ಊರಿನ ನೀರಗಂಟಿ. ಸೋರುತ್ತಿದ್ದ ತೂಬನ್ನು ಅವಳು ಬೇಸಿಗೆಯುದ್ದಕ್ಕೂ ಒಬ್ಬಳೇ ಒದ್ದಾಡಿ ಸರಿಮಾಡಿದಾಗ ಊರಿಗೆ ಊರೇ ಬಂದು ಆ ಹೆಮ್ಮೆಯನ್ನು ಹಂಚಿಕೊಂಡಿತು. ಅಕ್ಕನಿಗೆ ಉಳಿದದ್ದು ಉಗುರುಸಂದಿಯ ಮಣ್ಣು. ಅವಳೇನೋ ನಕ್ಕಳು, ನನಗೆ ಮೈಯುರಿಯಿತು.

ಹೋದ ವಾರ ಅಕ್ಕ ಎಚ್ಚರಿಕೆಯ ಗಂಟೆ ಬಾರಿಸದೆ ತೂಬು ಎತ್ತಿ ಕಾಲುವೆಗೆ ನೀರು ಬಿಟ್ಟಳು. ನನ್ನ ಕಾಲುವೆ ನನಗೆ ಗೊತ್ತಿಲ್ಲವೇ ಎಂಬ ಗರ್ವ. ಅಲ್ಲಿ ಆಡುತ್ತಿದ್ದ ನಿಂಬೆವ್ವನ ಮಗಳು ಕೊಚ್ಚಿಹೋದಳು. ಅಯ್ಯೋ ಶಿವನೇ, ಆರು ವರ್ಷದ ಕೂಸು!

ನಿನ್ನೆ ರಾತ್ರಿ ಅಕ್ಕ ಮುದ್ದೆ ಹಿಡಿದು ಕೂತಳು. ಆದರೆ ಮೊದಲನೆಯವರು ಕೈ ಚಾಚಿದ್ದೇ ತಡ, ಅದನ್ನು ಎದೆಗೆ ಅವಚಿಕೊಂಡಳು. "ಹೆಮ್ಮಿ ಒಯ್ದ್ರಿ, ಸುಮ್ಮನಿದ್ದೆ. ಇದು ಮಾತ್ರ ನಂದು. ಯಾರಿಗೂ ಕೊಡಂಗಿಲ್ಲ" ಎಂದಳು. ಹಂಚದ ದುಃಖ ಊರಿಗೆ ಕೇಡು ಎಂದು ನಮ್ಮೂರ ಹಿರಿಯರು ಕೂಗಾಡಿದರು. ಇವತ್ತು ಸಂಜೆಯೊಳಗೆ ಕೊಡಬೇಕು, ಇಲ್ಲವೆ ಊರು ಬಿಡಬೇಕು ಎಂದರು. ಕೆರೆಯಾಚೆ ನೆರಳೂ ಇಲ್ಲ, ನೀರೂ ಇಲ್ಲ. ನಾನು ಅಕ್ಕನ ಕಾಲು ಹಿಡಿದೆ. ಜಪ್ಪಯ್ಯ ಅಂದರೂ ಕೇಳಲಿಲ್ಲ.

ಆಗ ನಿಂಬೆವ್ವ ಬಂದಳು. ಮಣ್ಣಿಗೆ ಕೈ ಹಾಕಲಿಲ್ಲ. ಅಕ್ಕನ ಎದುರು ಕುಕ್ಕರಿಸಿ, ಗಂಟಲು ಕಟ್ಟುವವರೆಗೆ ಬಾಯಿಗೆ ಬಂದಂತೆ ಬೈದಳು. ತಡೆಯಲು ಹೋದವರಿಗೆ, "ಎಲ್ಲಾರೂ ಪಾಲು ತಗೊಂಡ ಮ್ಯಾಲ ನಾ ಯಾರನ್ನ ಬೈಲಿ? ನನ್ನ ಕೂಸಿಗೆ ಉತ್ತರ ಕೊಡಾಕ ಒಬ್ಬಾಕಿಯಾದ್ರೂ ಇರ್ಲಿ" ಅಂದಳು. ಅಕ್ಕ ತಲೆ ಎತ್ತಿ ಅಷ್ಟನ್ನೂ ಕೇಳಿಸಿಕೊಂಡಳು.

ಹಿಂದಿನ ಕಾಲದ ಹಿರಿಯರೇ, ಈ ಪದ್ಧತಿಯನ್ನು ಕೆಟ್ಟವರು ತಂದದ್ದಲ್ಲ. ಅದು ಕರುಣೆಯಿಂದಲೇ ಹುಟ್ಟಿತು, ಬೀಜ ಬಿದ್ದದ್ದು ನಿಮ್ಮ ಕಾಲದಲ್ಲಿ. ನೊಂದವರ ಬೆನ್ನು ಸವರಿ, "ಯಾರ ತಪ್ಪೂ ಅಲ್ಲ ಬಿಡು" ಅನ್ನುತ್ತೀರಲ್ಲ, ಅದನ್ನು ಹೇಳುವ ಮುಂಚೆ ಒಂದು ಗಳಿಗೆ ತಡೆಯಿರಿ. ಅವರ ತಪ್ಪು ಅವರ ಕೈಯಲ್ಲೇ ಇರಲಿ. ಪಕ್ಕದಲ್ಲಿ ಕೂತರೆ ಸಾಕು.

ಹೊತ್ತು ಇಳಿಯಿತು. ಇದನ್ನು ಬರೆಯುತ್ತ ನಾನು ನಮ್ಮ ಹೊಸ್ತಿಲಲ್ಲೇ ಕೂತಿದ್ದೇನೆ. ಅಕ್ಕ ಒಣಗಿದ ಮುದ್ದೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಊರಬಾಗಿಲು ದಾಟುತ್ತಿದ್ದಾಳೆ. ಅವಳ ಹಿಂದೆಯೇ, ನೀರಿನ ಕೊಡ ಹೊತ್ತು, ಇನ್ನೂ ಬೈಯುತ್ತಲೇ ನಿಂಬೆವ್ವನೂ ಹೊರಟಿದ್ದಾಳೆ.