ಯಾರೂ ಕೇಳಲಿಲ್ಲ ಅನ್ನೋ ಹಾಡು

೧೪ ಜುಲೈ ೨೦೨೫, ಸೋಮವಾರ, ನಾಶಿಕ

ಇವತ್ತೂ ಅದೇ ರಾಕ್ ಹಾಡು. ಗಡಿಯಾಗ ತೋಪು ಹಾರಿಸಿ ಹಾರಿಸಿ ನಮ್ಮ ಮನಿಯವರ ಕಿವಿ ಅರ್ಧ ಹೋಗೇದ, ಅದಕ್ಕ ಅಡಿಗಿ ಮನಿ ತಾಟು ನಡುಗೋ ಹಂಗ ಹಚ್ಚತಾರ. ಫೌಜು ಬಿಟ್ಟು ಬಂದು ಎರಡು ತಿಂಗಳಾತು, ನನ್ನ ಕೂಡ ನಾಕು ಮಾತಿಲ್ಲ. ಆ ಇಂಗ್ಲಿಷ್ ಚೀರಾಟ ಕೇಳಿದ್ರ ಮಾತ್ರ ಅವರ ಕಣ್ಣಾಗ ನೀರು.

ಸಿಟ್ಟು ತಡೀಲಿಲ್ಲ. ಮಗಳು ಭಾಗ್ಯಶ್ರೀಗೆ ಕೇಳಿದೆ, "ಏನಂತಾನ ಆ ಹಾಡಾಂವ?"

"ಅಗಂ ಮಮ್ಮಿ," ಇಲ್ಲಿ ಮರಾಠಿ ಧಾಟ್ಯಾಗ ಅಂದಳು, "ಯುದ್ಧದಿಂದ ಬಂದೆ, ಅಲ್ಲಿ ಏನಾತು ಅಂತ ಮನ್ಯಾಗ ಯಾರೂ ಕೇಳಲಿಲ್ಲ ಅಂತಾನ."

ಸುಳ್ಳ! ಬಂದ ದಿನದಿಂದ ಕೇಳ್ಲಾಕತ್ತೀನಿ. ಚಾ ಬೇಕೇನ್ರಿ, ಊಟ ಮಾಡ್ತೀರೇನ್ರಿ, ಪೆನ್ಶನ್ ಕಾಗದ ಬಂತೇನ್ರಿ. ಇನ್ನೇನು ಕೇಳಬೇಕಿತ್ತು ನಾ?

ಅದೊಂದು ಕೇಳಿಲ್ಲ, ಖರೆ. ಕೇಳಿದ್ರ ಎಲ್ಲಾ ಹೇಳಿಬಿಡ್ತಾರೇನೋ ಅಂತ ಅಂಜಿಕಿ.