ಯಾವ ಆಯ್ತು?

ಮಾರ್ಚ್ 3, ಬೆಳಿಗ್ಗೆ 8
ಲ್ಯಾಬಿನ ಹೀಟರ್ ಆನ್. ಪ್ಲಾಸ್ಟಿಕ್ ಪುಡಿ ತೂಗಿಟ್ಟೆ. ಮಾತ್ರೆ ಪ್ಯಾಕ್ ಮಾಡುವ ಫಿಲ್ಮಿಗೆ — ತೇವ, ಗಾಳಿ ಒಳಗೆ ಬಿಡಬಾರದು. ಮಿಕ್ಸಿಂಗ್‌ನವರಿಗೆ ಫೋನ್: "ಸ್ಟೆಬಿಲೈಸರ್ ಎಣ್ಣೆ ಹಾಕಿ." "ಆಯ್ತು ಮೇಡಂ." ಶೀಟಿನಲ್ಲಿ 'ಎಣ್ಣೆ ಹಾಕಿದೆ' ಎಂಬಲ್ಲಿ ಟಿಕ್ ಹಾಕಿದೆ.

ಮಾರ್ಚ್ 4, ಸಂಜೆ
ಫಿಲ್ಮಿನ ಇಡೀ ರೋಲು ಹಳದಿ. ಅಂಚು ಕಂದು. ಘಾಟಿಗೆ ಕಣ್ಣುರಿ. ಮಷೀನು ನಡೆಸುತ್ತಿದ್ದದ್ದು ನನ್ನ ಅಪ್ಪ.

"ವಯಸ್ಸಾಯ್ತು ನಿಮ್ಗೆ. ಹೀಟ್ ಜಾಸ್ತಿ ಮಾಡಿ ಸುಟ್ಟಿದೀರಿ. ಸೋಮವಾರದಿಂದ ಗೋಡೌನಿಗೆ ಹೋಗಿ," ಎಂದರು ಮ್ಯಾನೇಜರ್. ಅಪ್ಪನಿಗೆ ಇಪ್ಪತ್ತೆಂಟು ವರ್ಷ ಅದೇ ಮಷೀನು...

ಅಪ್ಪ ಒಂದು ಚೂರು ಹರಿದು, ಬೆರಳಲ್ಲಿ ಉಜ್ಜಿ, ಮೂಸಿದ. "ಹೀಟ್ ಸರಿಯಾಗೇ ಇತ್ತು. ಇದಕ್ಕೆ ಎಣ್ಣೆ ಬಿದ್ದಿಲ್ಲ."

ಮ್ಯಾನೇಜರ್ ನನ್ನ ಶೀಟು ತೋರಿಸಿದರು. ಟಿಕ್ ಇದೆ.

ಮಾರ್ಚ್ 6
ನಿನ್ನೆ ಬರೆಯಲು ಮನಸ್ಸಾಗಲಿಲ್ಲ.

ಇವತ್ತು ಲ್ಯಾಬಿನ ಹೀಟರಿನಲ್ಲಿ ಎರಡು ಟ್ಯೂಬು ಇಟ್ಟೆ. ಎರಡರಲ್ಲೂ ಆ ಬ್ಯಾಚಿನ ಉಳಿದ ಪುಡಿ. ಒಂದಕ್ಕೆ ಮಾತ್ರ ಎರಡು ಹನಿ ಎಣ್ಣೆ. ಟ್ಯೂಬಿನ ಬಾಯಲ್ಲಿ ಕಾಂಗೋ ರೆಡ್ ಎಂಬ ಕೆಂಪು ಕಾಗದದ ಪಟ್ಟಿ — ಲಿಟ್ಮಸ್‌ಗೆ ಉಲ್ಟಾ, ಆಸಿಡ್ ಬಂದರೆ ನೀಲಿಯಾಗುತ್ತದೆ.

ಎಣ್ಣೆ ಇಲ್ಲದ್ದು: ಒಂಬತ್ತನೇ ನಿಮಿಷಕ್ಕೆ ನೀಲಿ.

ಇನ್ನೊಂದು... ಇಪ್ಪತ್ತು. ಮೂವತ್ತು. ಕೆಂಪು. ಕಾದ ಪ್ಲಾಸ್ಟಿಕ್ಕು ಸ್ವೆಟರಿನ ಎಳೆ ಬಿಚ್ಚಿದ ಹಾಗೆ; ಒಂದು ಆಸಿಡ್ ಕಣ ಹೊರಬಂದರೆ ಮುಂದಿನದನ್ನೂ ಎಳೆದು ತರುತ್ತದೆ. ಎಣ್ಣೆ ಆ ಕಣವನ್ನು ಹಿಡಿದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ತಾನು ಪೂರ್ತಿ ಮುಗಿಯುವವರೆಗೂ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಇವತ್ತು ಮೈ ಜುಮ್ಮೆಂದಿತು. ಎರಡೇ ಹನಿ! ನಲವತ್ತಮೂರು ನಿಮಿಷ ತಡೆಯಿತು. ಇಷ್ಟನ್ನೂ ಅಪ್ಪ ಮೂಗಿನಲ್ಲೇ ಹೇಳಿದ್ದ. ಅದು ಇನ್ನೂ ದೊಡ್ಡ ಬೆರಗು.

ಮಿಕ್ಸಿಂಗ್‌ಗೆ ಓಡಿದೆ.

"ನಾನು ಆಯ್ತು ಅಂದಿದ್ದು, ಹಾಕ್ತೀನಿ ಅಂತ ಮೇಡಂ. ಅಷ್ಟ್ರಲ್ಲಿ ಶಿಫ್ಟ್ ಮುಗೀತು. ಬಂದೋರು ನಿಮ್ ಟಿಕ್ ನೋಡಿ ಸುಮ್ನಾದ್ರು."

ನಾನು ಕೇಳಿಸಿಕೊಂಡದ್ದು — ಹಾಕಿ ಆಯ್ತು ಅಂತ.

ಮಾರ್ಚ್ 7, ಸಂಜೆ 6
ರಿಪೋರ್ಟು ಬರೆದೆ. 'ಕಣ್ಣಾರೆ ನೋಡದೆ ಟಿಕ್ ಹಾಕಿದೆ. ತಪ್ಪು ನನ್ನದು. ಆಪರೇಟರ್‌ದಲ್ಲ.' ಕೆಲಸ ಹೋಗಬಹುದು. ಭಯವಿದೆ.

ಅಪ್ಪ ಓದಿದ. "ಬೇಡ ಪುಟ್ಟಿ. ಗೋಡೌನಲ್ಲಿ ಕೂರೋಕೆ ಕುರ್ಚಿಯಾದ್ರೂ ಇದೆ." ನಗಿಸಲು ನೋಡಿದ. ಆಮೇಲೆ ಎರಡೂ ಪಟ್ಟಿ ಕಿಟಕಿಯ ಬೆಳಕಿಗೆ ಹಿಡಿದ. "ನಲವತ್ಮೂರಾ?" ಎಂದ. ಬಹಳ ಹೊತ್ತು ಕೆಳಗಿಡಲೇ ಇಲ್ಲ. ಆಮೇಲೆ ಪೆನ್ನು ನನ್ನ ಕಡೆ ಸರಿಸಿದ.

ಈಗ ಅಡುಗೆಮನೆಯಿಂದ ಕೂಗುತ್ತಿದ್ದಾನೆ. "ಸಹಿ ಆಯ್ತಾ?"

"ಆಯ್ತು."

"ಯಾವ ಆಯ್ತು?"

ತಡಿ ಅಪ್ಪ, ಹಾಕಿಯೇ ಹೇಳ್ತೀ—